ಗ್ರಂಥವನ್ನು ಹೊತ್ತು ಕುಣಿಯುವ ಹಬ್ಬ



ಗೋವೆಯ ಮಾಪುಸಾದಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ನಮ್ಮ ಓದುಗರೊಬ್ಬರು ಒಂದು ಪ್ರಶ್ನೆ ಬರೆದು ಕಳುಹಿಸಿದ್ದಾರೆ. ಅವರ ಅಂಗಡಿಗೆ ವರ್ಷವೂ ಬರುವ ಯೆಹೂದಿ ಕುಟುಂಬವೊಂದು ತಮ್ಮ ಹಬ್ಬಕ್ಕೆ ಇವರನ್ನು ಮನೆಮಂದಿ ಸಮೇತ ಕರೆದಿದೆಯಂತೆ. ಹಬ್ಬದ ಹೆಸರು ಸಿಮ್ಹತ್ ತೋರಾ. "ಮಕ್ಕಳಿಗೆ ಹೋಗಬೇಕೆಂಬ ಆಸೆ. ನಮ್ಮ ತಾಯಿಯವರಿಗೆ ಮನಸ್ಸಿಲ್ಲ. ಅನ್ಯಧರ್ಮದವರ ಪ್ರಾರ್ಥನಾ ಮಂದಿರಕ್ಕೆ ಹಬ್ಬದ ದಿನ ಹೋದರೆ ನಮ್ಮ ಸಮ್ಯಕ್ತ್ವಕ್ಕೆ ಬಾಧೆ ಬಾರದೇ? ಊಟದ ಗತಿ ಏನು? ಹೋಗದಿದ್ದರೆ ಅವರು ನೊಂದುಕೊಳ್ಳುವುದಿಲ್ಲವೇ?" ಎಂದು ಕೇಳಿದ್ದಾರೆ.

ಊರೂರು ಸುತ್ತಿ ವ್ಯಾಪಾರ ಮಾಡುವ ನಮ್ಮ ಸಮಾಜಕ್ಕೆ ಈ ಪ್ರಶ್ನೆ ಹೊಸದಲ್ಲ. ಈದ್ ಎಂದು ಕರೆಯುವವರಿದ್ದಾರೆ, ಕ್ರಿಸ್‌ಮಸ್ ಎಂದು ಕರೆಯುವವರಿದ್ದಾರೆ. ಆದರೆ ಈ ಹಬ್ಬದ ವಿಷಯ ತಿಳಿದುಕೊಂಡಾಗ, ಹೋಗಬೇಕೇ ಬೇಡವೇ ಎನ್ನುವುದಕ್ಕಿಂತ ದೊಡ್ಡ ಪ್ರಶ್ನೆಯೊಂದು ನಮ್ಮ ಎದುರಿಗೆ ಬಂದು ನಿಂತಿತು. ಅದನ್ನು ಕೊನೆಗೆ ಹೇಳುತ್ತೇವೆ. ಮೊದಲು ಹಬ್ಬದ ಪರಿಚಯವಾಗಲಿ.

ಯೆಹೂದ್ಯರ ಪಂಚಾಂಗದಲ್ಲಿ ತಿಶ್ರಿ ಎಂಬುದೊಂದು ತಿಂಗಳು. ನಮ್ಮ ಲೆಕ್ಕದಲ್ಲಿ ಅದು ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಬರುತ್ತದೆ. ತಿಂಗಳ ಮೊದಲ ದಿನ ಅವರ ಹೊಸ ವರ್ಷ. ಹತ್ತನೆಯ ದಿನ ಯೋಮ್ ಕಿಪ್ಪುರ್. ಅಂದು ಸುಮಾರು 25 ಗಂಟೆಗಳ ಕಾಲ ಅನ್ನವಿಲ್ಲ, ನೀರೂ ಇಲ್ಲ. ಅದಕ್ಕೆ ಮೊದಲು, ವರ್ಷದಲ್ಲಿ ಯಾರ ಮನಸ್ಸನ್ನು ನೋಯಿಸಿದ್ದೇವೋ ಅವರ ಬಳಿಗೆ ಹೋಗಿ ಕ್ಷಮೆ ಕೇಳಬೇಕು. ಮನುಷ್ಯನಿಗೆ ಮಾಡಿದ ತಪ್ಪನ್ನು ಆ ಮನುಷ್ಯನೇ ಕ್ಷಮಿಸಬೇಕು ಎಂಬುದು ಅವರ ನಂಬಿಕೆ. ನಿರ್ಜಲ ಉಪವಾಸವನ್ನೂ ಕ್ಷಮಾವಾಣಿಯನ್ನೂ ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಭಾದ್ರಪದದಲ್ಲಿ ನಮ್ಮ ಮನೆಗಳಲ್ಲಿ ನಡೆಯುವ ಆತ್ಮಶೋಧನೆ, ಕೆಲವೇ ದಿನಗಳ ಅಂತರದಲ್ಲಿ ಅವರ ಮನೆಗಳಲ್ಲೂ ನಡೆಯುತ್ತದೆ.

ಹದಿನೈದನೆಯ ದಿನದಿಂದ ಒಂದು ವಾರ ಪರ್ಣಶಾಲೆಗಳ ಹಬ್ಬ, ಸುಕ್ಕೋತ್. ಮನೆಯ ಹೊರಗೆ ಸೊಪ್ಪು ಹೊದಿಸಿದ ಚಪ್ಪರ ಕಟ್ಟಿ ಅಲ್ಲಿ ಊಟ ಮಾಡುತ್ತಾರೆ. ಸೂರಿನ ಸಂದಿಯಿಂದ ನಕ್ಷತ್ರ ಕಾಣಬೇಕೆಂಬುದು ಪದ್ಧತಿ. ಎಷ್ಟು ದೊಡ್ಡ ಮನೆ ಕಟ್ಟಿದರೂ ಮನುಷ್ಯ ಗುಡಿಸಲಲ್ಲಿ ತಂಗಿದ ಪ್ರಯಾಣಿಕನೇ ಎಂಬುದು ಅದರ ಪಾಠ. ನಮ್ಮ ಪಶ್ಚಿಮ ಕರಾವಳಿಯ ಯೆಹೂದ್ಯರು ಇದಕ್ಕೆ ತೆಂಗಿನ ಗರಿಯನ್ನೇ ಬಳಸಿದರು.

ಇವೆಲ್ಲ ಮುಗಿದ ಮೇಲೆ ಬರುವುದೇ ಸಿಮ್ಹತ್ ತೋರಾ. ಈ ಮಾತಿಗೆ "ತೋರಾದ ಆನಂದ" ಎಂದು ಅರ್ಥ. ಇಸ್ರೇಲಿನಲ್ಲಿ ಇದನ್ನು ತಿಶ್ರಿಯ 22ನೆಯ ದಿನ ಆಚರಿಸಿದರೆ ಹೊರದೇಶಗಳಲ್ಲಿ ನೆಲೆಸಿದವರು 23ರಂದು ಆಚರಿಸುತ್ತಾರೆ. ನಮ್ಮಲ್ಲಿ ಪರ್ಯುಷಣದ ದಿನಗಳು ದಿಗಂಬರರಿಗೂ ಶ್ವೇತಾಂಬರರಿಗೂ ಬೇರೆಯಾಗುವಂತೆ ಅವರಲ್ಲೂ ಇಂಥ ವ್ಯತ್ಯಾಸಗಳಿವೆ.

ತೋರಾ ಎಂದರೆ ಮೋಶೆಯ ಐದು ಗ್ರಂಥಗಳು. ಅದನ್ನು ವರ್ಷದ ವಾರಗಳಿಗೆ ಹೊಂದುವಂತೆ 54 ಭಾಗ ಮಾಡಿ, ವಾರವಾರವೂ ಸಿನಗಾಗಿನಲ್ಲಿ ಗಟ್ಟಿಯಾಗಿ ಓದುತ್ತಾರೆ. ಸಿಮ್ಹತ್ ತೋರಾದಂದು ಕೊನೆಯ ಭಾಗ ಮುಗಿಯುತ್ತದೆ. ಮುಗಿದ ಕೂಡಲೇ, ಅದೇ ದಿನ, ಅದೇ ಸಭೆಯಲ್ಲಿ, ಮತ್ತೆ ಮೊದಲಿನ ಸಾಲಿನಿಂದ ಓದು ಆರಂಭವಾಗುತ್ತದೆ. ಓದು ಮುಗಿಯಿತು ಎಂದು ಯಾರೂ ಹೇಳಕೂಡದು. ಮುಗಿಸುವವನನ್ನು "ತೋರಾದ ಮದುಮಗ" ಎಂದೂ ಆರಂಭಿಸುವವನನ್ನು "ಆದಿಯ ಮದುಮಗ" ಎಂದೂ ಕರೆದು ಗೌರವಿಸುತ್ತಾರೆ.

ತೋರಾದ ಪ್ರತಿ ಅಚ್ಚಿನ ಪುಸ್ತಕವಲ್ಲ, ಕೈಬರಹದ ಸುರುಳಿ. ಅದರಲ್ಲಿ 3,04,805 ಅಕ್ಷರಗಳಿವೆ. ಒಂದು ಅಕ್ಷರ ಬಿಟ್ಟುಹೋದರೂ, ಅಳಿಸಿಹೋದರೂ ತಿದ್ದುವವರೆಗೆ ಆ ಪ್ರತಿಯನ್ನು ಸಭೆಯಲ್ಲಿ ಓದುವಂತಿಲ್ಲ. ಇಲ್ಲಿ ಒಂದು ವಿಷಯವನ್ನು ಮುಚ್ಚಿಡದೆ ಹೇಳಬೇಕು: ಆ ಸುರುಳಿ ಪ್ರಾಣಿಯ ತೊಗಲಿನದು. ಅಹಿಂಸಾ ಧರ್ಮಿಗಳಾದ ನಮಗೆ ಅದು ಒಪ್ಪುವ ವಸ್ತುವಲ್ಲ. ನಮ್ಮ ಪೂರ್ವಜರಿಗೆ ತಾಳೆಗರಿ ಇತ್ತು. ಮರುಭೂಮಿಯ ಆ ಜನರಿಗೆ ತೊಗಲಿತ್ತು. ಒಪ್ಪದಿರುವುದನ್ನು ಒಪ್ಪದೆಯೇ, ಅಕ್ಷರದ ಮೇಲೆ ಅವರಿಟ್ಟ ಗೌರವವನ್ನು ಮೆಚ್ಚಬಹುದು.

ಹಬ್ಬದ ಹಿಂದಿನ ಸಂಜೆ, ಸೂರ್ಯಾಸ್ತದ ನಂತರ, ಪೆಟ್ಟಿಗೆಯೊಳಗಿನ ಎಲ್ಲ ಸುರುಳಿಗಳನ್ನೂ ಹೊರತೆಗೆಯುತ್ತಾರೆ. ಅವನ್ನು ಎದೆಗಪ್ಪಿಕೊಂಡು, ಹಾಡುತ್ತ ಕುಣಿಯುತ್ತ ಏಳು ಸುತ್ತು ಬರುತ್ತಾರೆ. ಮರುದಿನ ಹಗಲಿನಲ್ಲೂ ಇದೇ ಸಂಭ್ರಮ. ಕುಣಿಯುವಾಗ ಸುರುಳಿ ಮುಚ್ಚಿಯೇ ಇರುತ್ತದೆ. ಯಾರೂ ಅದನ್ನು ಓದುವುದಿಲ್ಲ. ಇದರಲ್ಲೊಂದು ಸೂಕ್ಷ್ಮವಿದೆ. ಓದುವುದೆಂದರೆ ಪಂಡಿತನು ಮುಂದಾಗುತ್ತಾನೆ, ಪಾಮರನು ಹಿಂದೆ ನಿಲ್ಲುತ್ತಾನೆ. ಮುಚ್ಚಿದ ಗ್ರಂಥವನ್ನು ಹೊತ್ತು ಕುಣಿಯುವಾಗ ಇಬ್ಬರೂ ಸಮಾನರು. ಮಕ್ಕಳ ಕೈಗೆ ಬಾವುಟ, ಮಿಠಾಯಿ. ಚಿಕ್ಕ ಮಕ್ಕಳನ್ನೆಲ್ಲ ಒಟ್ಟಿಗೆ ಕರೆದು, ಅವರ ತಲೆಯ ಮೇಲೆ ಪ್ರಾರ್ಥನೆಯ ಶಾಲನ್ನು ಚಪ್ಪರದಂತೆ ಹಿಡಿದು, ಗ್ರಂಥದ ಬಳಿಯಲ್ಲಿ ಆಶೀರ್ವದಿಸುತ್ತಾರೆ. ಗ್ರಂಥವೆಂದರೆ ಸಂತೋಷ ಎಂಬುದು ಆ ಮಗುವಿಗೆ ಅಕ್ಷರ ಬರುವ ಮೊದಲೇ ಗೊತ್ತಾಗುತ್ತದೆ.

ಇನ್ನು ಗೋವೆಯ ಮಾತು. ಕೊಚ್ಚಿಯಲ್ಲಿರುವಂಥ ಹಳೆಯ ಸಿನಗಾಗ್ ಗೋವೆಯಲ್ಲಿ ಇಲ್ಲ. ಇರಲು ಸಾಧ್ಯವೂ ಇರಲಿಲ್ಲ. ಪೋರ್ಚುಗೀಸರು 1560ರಲ್ಲಿ ಗೋವೆಯಲ್ಲಿ ಧರ್ಮವಿಚಾರಣೆಯ ನ್ಯಾಯಾಲಯ ಸ್ಥಾಪಿಸಿದರು. ನಡುವೆ ಕೆಲವು ವರ್ಷ ಬಿಟ್ಟರೆ ಅದು 1812ರವರೆಗೂ ನಡೆಯಿತು. ಒತ್ತಾಯಕ್ಕೆ ಕ್ರೈಸ್ತರಾಗಿ, ಮನೆಯೊಳಗೆ ಗುಟ್ಟಾಗಿ ಯೆಹೂದಿ ಆಚಾರ ಉಳಿಸಿಕೊಂಡಿದ್ದ ಕುಟುಂಬಗಳು ಅದರ ಮೊದಲ ಗುರಿಗಳಲ್ಲಿ ಸೇರಿದ್ದವು.

ಗಾರ್ಸಿಯಾ ದ ಓರ್ತಾ ಎಂಬ ವೈದ್ಯರ ಕಥೆಯನ್ನು ಕೇಳಿದವರಿರಬಹುದು. 1534ರಲ್ಲಿ ಗೋವೆಗೆ ಬಂದು ನೆಲೆಸಿ, ನಮ್ಮ ದೇಶದ ಗಿಡಮೂಲಿಕೆ, ಮಸಾಲೆ ಪದಾರ್ಥಗಳ ಬಗ್ಗೆ 1563ರಲ್ಲಿ ಗೋವೆಯಲ್ಲೇ ದೊಡ್ಡ ಗ್ರಂಥ ಅಚ್ಚು ಹಾಕಿಸಿದವರು. ಮೆಣಸು, ಏಲಕ್ಕಿ, ಲವಂಗದ ವ್ಯಾಪಾರ ಬಲ್ಲವರು ನೆನೆಯಬೇಕಾದ ಹೆಸರು. ಅವರು 1568ರಲ್ಲಿ ತೀರಿಕೊಂಡರು. ಮರುವರ್ಷ ಅವರ ತಂಗಿ ಕತರೀನಾಳನ್ನು ಗುಪ್ತ ಯೆಹೂದ್ಯಳೆಂಬ ಆರೋಪದ ಮೇಲೆ ಸುಟ್ಟರು. 1580ರಲ್ಲಿ ಆ ವೈದ್ಯರ ಸಮಾಧಿಯನ್ನೇ ಅಗೆದು ಅವರ ಅಸ್ಥಿಗಳನ್ನು ಸುಟ್ಟರು.

ಅದೇ ಗೋವೆಯಲ್ಲಿ ಬಾಂದಿವಡೆಯ ನೇಮಿನಾಥ ಬಸದಿಯೂ ಕುಡಣೆಯ ಬಸದಿಯೂ ಇಂದು ಅವಶೇಷಗಳಾಗಿ ನಿಂತಿವೆ. ಕದಂಬರ ಕಾಲದಲ್ಲಿ, ವಿಜಯನಗರದ ಕಾಲದಲ್ಲಿ ಆ ನೆಲದಲ್ಲಿ ನಮ್ಮ ಶ್ರಾವಕರ ಮನೆಗಳಿದ್ದವು ಎಂಬುದಕ್ಕೆ ಅವು ಸಾಕ್ಷಿ. ಸೂರು ಕಳೆದುಕೊಂಡ ಕಾರಣ ಬೇರೆ ಬೇರೆ ಇರಬಹುದು. ಕಳೆದುಕೊಂಡವರ ನೋವು ನಮಗೆ ತಿಳಿಯದ್ದಲ್ಲ.

ಇಂದು ಗೋವೆಯಲ್ಲಿ ಈ ಹಬ್ಬವನ್ನು ಆಚರಿಸುವವರು ಹೆಚ್ಚಾಗಿ ಪ್ರಯಾಣಿಕರು. ಇಸ್ರೇಲಿನ ಹುಡುಗ ಹುಡುಗಿಯರು ಕಡ್ಡಾಯದ ಸೈನ್ಯ ಸೇವೆ ಮುಗಿಸಿ ಭಾರತಕ್ಕೆ ಬರುವುದು ಬಹಳ ಕಾಲದಿಂದ ನಡೆದುಬಂದಿದೆ. ಮಳೆ ನಿಂತ ಮೇಲೆ ಅಂಜುನಾ, ಅರಂಬೋಲ್, ಪಾಳೊಳೆ ಕಡೆ ಅವರು ತಂಗುತ್ತಾರೆ. ಇಂಥವರಿಗಾಗಿ ಚಬಾದ್ ಎಂಬ ಯೆಹೂದಿ ಪಂಥದವರು ಗೋವೆಯಲ್ಲಿ ಮನೆಗಳನ್ನು ನಡೆಸುತ್ತಾರೆ. ಅಲ್ಲಿ ಶುದ್ಧ ಊಟ, ಶುಕ್ರವಾರ ಸಂಜೆಯ ದೀಪ, ಹಬ್ಬದ ಪ್ರಾರ್ಥನೆ ಎಲ್ಲ ಸಿಗುತ್ತದೆ. ಸಿನಗಾಗ್‌ಗೆ ಅವರ ಹೀಬ್ರೂ ಭಾಷೆಯಲ್ಲಿರುವ ಹೆಸರಿಗೆ "ಸೇರುವ ಮನೆ" ಎಂದರ್ಥ. ಗೋಪುರ ಬೇಡ, ಕಲ್ಲಿನ ಕಂಬ ಬೇಡ. ಹತ್ತು ಜನ ವಯಸ್ಕ ಗಂಡಸರು ಕೂಡಿದರೆ ಸಾರ್ವಜನಿಕ ಪ್ರಾರ್ಥನೆ ನಡೆಯುತ್ತದೆ, ತೋರಾ ಓದಬಹುದು. ಒಂದು ಕಾಲದಲ್ಲಿ ಹೀಬ್ರೂ ಪ್ರಾರ್ಥನೆ ಪಿಸುಗುಟ್ಟಿದರೂ ಪ್ರಾಣ ಹೋಗುತ್ತಿದ್ದ ನೆಲದಲ್ಲಿ ಈಗ ಕಿಟಕಿ ತೆರೆದಿಟ್ಟು ಹಾಡುತ್ತಾರೆ.

ಆ ಹಾಡಿನ ಹಿಂದೆ ದುಃಖವೂ ಇದೆ. 2008ರ ನವೆಂಬರ್ 26ರಂದು ಮುಂಬಯಿ ಮೇಲೆ ನಡೆದ ದಾಳಿಯಲ್ಲಿ ಚಬಾದ್ ಪಂಥದ ನಾರಿಮನ್ ಹೌಸ್‌ನ ಗುರು ದಂಪತಿಗಳೂ ಅವರ ಅತಿಥಿಗಳೂ ಹತರಾದರು. ಎರಡು ವರ್ಷದ ಮಗುವನ್ನು ಎತ್ತಿಕೊಂಡು ಹೊರಗೋಡಿ ಕಾಪಾಡಿದವರು ಆ ಮನೆಯಲ್ಲಿ ಮಗು ನೋಡಿಕೊಳ್ಳುತ್ತಿದ್ದ ಸಾಂಡ್ರಾ ಸಾಮುಯೆಲ್, ನಮ್ಮ ದೇಶದ ಹೆಣ್ಣುಮಗಳು. 2023ರ ಅಕ್ಟೋಬರ್ 7ರಂದು ಇಸ್ರೇಲಿನಲ್ಲಿ ಇದೇ ಸಿಮ್ಹತ್ ತೋರಾ ದಿನವೇ ಹಮಾಸ್ ದಾಳಿ ನಡೆದು ಸುಮಾರು 1,200 ಜನ ಸತ್ತರು. ಅದರ ಹಿಂದೆಯೇ ಬಂದ ಯುದ್ಧದಲ್ಲಿ ಗಾಜಾದ ಹತ್ತಾರು ಸಾವಿರ ಜನ, ಮಕ್ಕಳೂ ಸೇರಿ, ಪ್ರಾಣ ಕಳೆದುಕೊಂಡರು. ಯಾವ ಕಡೆಯ ಹಿಂಸೆಯನ್ನೂ ನಾವು ಒಪ್ಪಲಾರೆವು. ಎರಡೂ ಕಡೆಯ ತಾಯಂದಿರ ಕಣ್ಣೀರು ನಮಗೆ ಒಂದೇ.

ಗೋವೆಯ ಉತ್ತರಕ್ಕೂ ದಕ್ಷಿಣಕ್ಕೂ ಇರುವ ಯೆಹೂದ್ಯರು ನಮಗೆ ಇನ್ನೂ ಹತ್ತಿರದವರು. ಕೊಂಕಣದ ಬೆನೆ ಇಸ್ರೇಲರು ಮರಾಠಿ ಮಾತಾಡುತ್ತ, ಊರಿನ ಹೆಸರಿಗೆ "ಕರ್" ಸೇರಿಸಿ ಅಡ್ಡಹೆಸರು ಇಟ್ಟುಕೊಂಡವರು. ಗಾಣದಿಂದ ಎಣ್ಣೆ ತೆಗೆಯುವುದು ಅವರ ಕಸುಬಾಗಿತ್ತು. ಶನಿವಾರ ಗಾಣ ನಿಲ್ಲಿಸುತ್ತಿದ್ದುದರಿಂದ ಸುತ್ತಲಿನವರು "ಶನಿವಾರ ತೇಲಿ" ಎಂದರು. ಲಾಭಕ್ಕಾಗಿ ವ್ರತ ಬಿಡಲಿಲ್ಲ ಎಂಬ ಕೀರ್ತಿ ಆ ಹೆಸರಿನಲ್ಲೇ ಇದೆ. ಮುಂಬಯಿಯ ಅವರ ಮೊದಲ ಸಿನಗಾಗನ್ನು 1796ರಲ್ಲಿ ಕಟ್ಟಿಸಿದವನು ಸಾಮುಯೆಲ್ ದಿವೇಕರ್ ಎಂಬ ಸೈನಿಕ. ಟಿಪ್ಪುವಿನ ಸೆರೆಯಿಂದ ಬಿಡುಗಡೆಯಾದುದಕ್ಕೆ ಹರಕೆಯಾಗಿ ಕಟ್ಟಿಸಿದನೆಂದು ಅವರಲ್ಲಿ ಹೇಳಿಕೆ. ಶುಭಕಾರ್ಯಗಳಲ್ಲಿ ಅವರು ಮಾಡುವ "ಮಲಿದಾ" ಏನೆಂದುಕೊಂಡಿರಿ? ಅವಲಕ್ಕಿಗೆ ಬೆಲ್ಲ, ತೆಂಗಿನ ತುರಿ, ಒಣಹಣ್ಣು ಬೆರೆಸಿ, ಮೇಲೆ ಹಣ್ಣುಗಳನ್ನಿಟ್ಟದ್ದು. ನಮ್ಮ ಸಿಹಿ ಅವಲಕ್ಕಿಯೇ!

ಕೊಚ್ಚಿಯ ಮಟ್ಟಾಂಚೇರಿಯಲ್ಲಿ 1568ರ ಪರದೇಶಿ ಸಿನಗಾಗ್ ಇದೆ. ಅದೇ ಮಟ್ಟಾಂಚೇರಿಯಲ್ಲಿ ನಮ್ಮ ಧರ್ಮನಾಥ ಜಿನಮಂದಿರವೂ ಇದೆ. ಅಲ್ಲಿ ಪಾರಿವಾಳಗಳಿಗೆ ಕಾಳು ಹಾಕುವುದನ್ನು ಯಾತ್ರಿಕರು ನೋಡಿಯೇ ಇರುತ್ತಾರೆ. ಮೆಣಸಿನ ವ್ಯಾಪಾರದ ಆ ಕೇರಿಯಲ್ಲಿ ಯೆಹೂದಿಗಳೂ ಗುಜರಾತಿ ಜೈನರೂ ತಲೆಮಾರುಗಳ ಕಾಲ ನೆರೆಹೊರೆಯಾಗಿ ಬಾಳಿದರು. ಸಿಮ್ಹತ್ ತೋರಾ ಕೊಚ್ಚಿ ಯೆಹೂದ್ಯರಿಗೆ ವರ್ಷದ ದೊಡ್ಡ ಸಂಭ್ರಮ. ಆದರೆ 1948ರಲ್ಲಿ ಇಸ್ರೇಲ್ ಸ್ಥಾಪನೆಯಾದ ಮೇಲೆ ಅವರಲ್ಲಿ ಬಹುತೇಕರು ಅಲ್ಲಿಗೆ ಹೋದರು. ಇಂದು ಆ ಸಿನಗಾಗಿನ ದೀಪಗಳು, ನೀಲಿ ಹೆಂಚುಗಳು ಹಾಗೆಯೇ ಇವೆ. ಸ್ಥಳೀಯರಲ್ಲಿ ಹತ್ತು ಜನ ಗಂಡಸರನ್ನು ಕೂಡಿಸುವುದೇ ಕಷ್ಟ. ಕಟ್ಟಡ ಉಳಿದು ಓದುವವರು ಹೋದರೆ ಏನಾಗುತ್ತದೆ ಎಂಬುದಕ್ಕೆ ಕೊಚ್ಚಿ ಉದಾಹರಣೆ. ಕಟ್ಟಡವಿಲ್ಲದೆ ಓದುವವರಿದ್ದರೆ ಏನಾಗುತ್ತದೆ ಎಂಬುದಕ್ಕೆ ಗೋವೆ ಉದಾಹರಣೆ.

ಈಗ ಓದುಗರ ಪ್ರಶ್ನೆಗೆ ಬರೋಣ. ಹೋಗಬಹುದೇ? ಹೋಗಬಹುದು ಎಂದೇ ನಮ್ಮ ಅಭಿಪ್ರಾಯ. ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಮೈತ್ರಿ, ಪ್ರಮೋದ, ಕಾರುಣ್ಯ, ಮಾಧ್ಯಸ್ಥ್ಯ ಎಂಬ ನಾಲ್ಕು ಭಾವನೆಗಳನ್ನು ಹೇಳಿದ್ದಾರೆ. ಗುಣವಂತರನ್ನು ಕಂಡು ಹರ್ಷಪಡುವುದೇ ಪ್ರಮೋದ. ಅನ್ಯದೇವರನ್ನು ಪೂಜಿಸಲು ಹೋಗುವುದು ಬೇರೆ, ನೆರೆಯವರ ಸಂತೋಷ ನೋಡಿ ಸಂತೋಷಪಡುವುದು ಬೇರೆ. ಪ್ರಾರ್ಥನೆಯ ಹೊತ್ತಿಗೆ ಬದಿಯಲ್ಲಿ ನಿಂತು ಗೌರವದಿಂದ ನೋಡಿರಿ. ಕುಣಿತಕ್ಕೆ ಚಪ್ಪಾಳೆ ತಟ್ಟಿದರೆ ಸಮ್ಯಕ್ತ್ವ ಕೆಡುವುದಿಲ್ಲ. ತಾಯಿಯವರಿಗೆ ಮನಸ್ಸಿಲ್ಲದಿದ್ದರೆ ಬಲವಂತ ಬೇಡ. ಅವರು ಮನೆಯಲ್ಲಿ ಸಾಮಾಯಿಕ ಮಾಡಿಕೊಂಡಿರಲಿ, ಬಂದ ಮೇಲೆ ಮಕ್ಕಳು ಕಂಡದ್ದನ್ನು ಅಜ್ಜಿಗೆ ಹೇಳಲಿ.

ಊಟದ ವಿಷಯದಲ್ಲಿ ಸಂಕೋಚ ಬೇಡ. ಸಂಜೆಯ ಕುಣಿತ ಸೂರ್ಯಾಸ್ತದ ನಂತರವೇ ಆರಂಭವಾಗುವುದರಿಂದ ಮನೆಯಲ್ಲಿ ಊಟ ಮುಗಿಸಿಕೊಂಡು ಹೊರಡಿರಿ. ಅವರ ಆಹಾರ ನಿಯಮಕ್ಕೆ ಕೋಶರ್ ಎನ್ನುತ್ತಾರೆ. ಮಾಂಸವನ್ನೂ ಹಾಲನ್ನೂ ಕೂಡಿಸುವುದಿಲ್ಲ, ಸೊಪ್ಪಿನಲ್ಲಿ ಹುಳು ಇದೆಯೇ ಎಂದು ಎಲೆ ಎಲೆ ಹುಡುಕುತ್ತಾರೆ. ಆದರೆ ಕೋಶರ್ ಎಂದರೆ ಸಸ್ಯಾಹಾರವೆಂದಲ್ಲ. ಹಬ್ಬದ ರೊಟ್ಟಿಯಲ್ಲಿ, ಸಿಹಿತಿಂಡಿಯಲ್ಲಿ ಮೊಟ್ಟೆ ಇರಬಹುದು. ದ್ರಾಕ್ಷಾರಸವಂತೂ ಇದ್ದೇ ಇರುತ್ತದೆ. ಅಂಗಡಿಯ ಪೊಟ್ಟಣಗಳ ಮೇಲೆ ಕೋಶರ್ ಮುದ್ರೆ ಕಂಡರೂ ನಮ್ಮ ಹಸಿರು ಚುಕ್ಕೆ ಇದೆಯೇ ಎಂದು ನೋಡಿಕೊಳ್ಳಬೇಕು. "ನಮ್ಮ ಧರ್ಮದಲ್ಲಿ ರಾತ್ರಿ ಊಟವಿಲ್ಲ" ಎಂದು ಮೊದಲೇ ತಿಳಿಸಿದರೆ ಅವರು ಖಂಡಿತ ಅರ್ಥ ಮಾಡಿಕೊಳ್ಳುತ್ತಾರೆ. ಆಹಾರ ನಿಯಮಕ್ಕಾಗಿ ದೂರ ದೇಶದಲ್ಲಿ ಬೇರೆ ಅಡುಗೆಮನೆ ನಡೆಸುವವರಿಗೆ ನಿಯಮದ ಬೆಲೆ ಗೊತ್ತು.

ಕಾಣಿಕೆ ಒಯ್ಯುವುದಾದರೆ ಮನೆಯಲ್ಲಿ ಮಾಡಿದ ತಿಂಡಿ ಬೇಡ, ಅವರ ಅಡುಗೆಮನೆಗೆ ಅದು ಸಲ್ಲದು. ಕೊಯ್ಯದ ಹಣ್ಣುಗಳನ್ನು ಹಬ್ಬದ ಹಿಂದಿನ ದಿನ ಹಗಲಿನಲ್ಲೇ ತಲುಪಿಸಿರಿ. ಹಬ್ಬದ ದಿನ ಅವರು ದುಡ್ಡು ಮುಟ್ಟುವುದಿಲ್ಲ, ಬರೆಯುವುದಿಲ್ಲ, ಫೋನು ಬಳಸುವುದಿಲ್ಲ. ಆದುದರಿಂದ ವ್ಯಾಪಾರದ ಮಾತು ಎತ್ತಬೇಡಿರಿ, ಫೋಟೋ ತೆಗೆಯಬೇಡಿರಿ. ಮುಂಬಯಿಯ ಘಟನೆಯ ನಂತರ ಇಂಥ ಮನೆಗಳಲ್ಲಿ ಕಾವಲು ಬಿಗಿಯಾಗಿದೆ. ಎಷ್ಟು ಜನ ಬರುತ್ತೀರೆಂದು ಮುಂಚೆಯೇ ಹೇಳಿಬಿಡಿರಿ. ಗಂಡಸರ ತಲೆಯ ಮೇಲೆ ಟೋಪಿ ಇರಲಿ. ಗಂಡಸರೂ ಹೆಂಗಸರೂ ಬೇರೆ ಬೇರೆ ಕಡೆ ನಿಲ್ಲುವುದು ಅಲ್ಲಿಯ ಕ್ರಮ.

ಇಷ್ಟು ಹೇಳಿದ ಮೇಲೆ, ಮೊದಲು ಸೂಚಿಸಿದ ದೊಡ್ಡ ಪ್ರಶ್ನೆ ಉಳಿಯಿತು. ಅಲ್ಲಿ ಯಾರಾದರೂ ನಮ್ಮ ಮಗುವನ್ನು, "ನಿಮ್ಮ ಗ್ರಂಥದ ಹಬ್ಬ ಯಾವುದು?" ಎಂದು ಕೇಳಿದರೆ ಮಗು ಏನು ಹೇಳುತ್ತದೆ?

ನಮಗೂ ಅಂಥ ಹಬ್ಬವಿದೆ. ಜ್ಯೇಷ್ಠ ಶುದ್ಧ ಪಂಚಮಿ, ಶ್ರುತಪಂಚಮಿ. ಗಿರಿನಾರದ ಗುಹೆಯಲ್ಲಿ ವೃದ್ಧರಾದ ಧರಸೇನಾಚಾರ್ಯರು, ತಮ್ಮೊಂದಿಗೆ ಶ್ರುತಜ್ಞಾನ ಅಳಿದುಹೋದೀತೆಂದು ಕಳವಳಪಟ್ಟು, ಪುಷ್ಪದಂತ–ಭೂತಬಲಿ ಮುನಿಗಳಿಗೆ ಉಪದೇಶಿಸಿದರು. ಅವರು ಷಟ್ಖಂಡಾಗಮವನ್ನು ಗ್ರಂಥರೂಪಕ್ಕೆ ತಂದು ಪೂಜಿಸಿದ ದಿನವದು. ಶ್ವೇತಾಂಬರ ಬಂಧುಗಳಿಗೆ ಕಾರ್ತಿಕ ಶುದ್ಧ ಜ್ಞಾನಪಂಚಮಿ ಇದೆ.

ಆ ಆಗಮದ ಮೇಲೆ ವೀರಸೇನಾಚಾರ್ಯರು ಬರೆದ ಧವಲಾ ಟೀಕೆಯ ತಾಳೆಗರಿಗಳು, ಹಳಗನ್ನಡ ಲಿಪಿಯಲ್ಲಿ, ನಮ್ಮ ಮೂಡಬಿದಿರೆಯಲ್ಲಿ ಮಾತ್ರ ಉಳಿದಿದ್ದವು. ಶತಮಾನಗಳ ಕಾಲ ಯಾತ್ರಿಕರು ಹೋಗಿ ದರ್ಶನ ಮಾಡಿ ಕೈಮುಗಿದು ಬಂದರು. ಓದುವವರು ಇರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅದಕ್ಕಾಗಿ ಮನಸ್ಸು ನೋಯಿಸಿಕೊಂಡವರು ಯಾರು? ವ್ಯಾಪಾರಿಗಳು! ಮುಂಬಯಿಯ ಸೇಠ್ ಮಾಣಿಕಚಂದರು, ಸೊಲ್ಲಾಪುರದ ಸೇಠ್ ಹಿರಾಚಂದ ನೇಮಚಂದರು ದ್ರವ್ಯ ಕೂಡಿಸಿ ಪ್ರತಿ ಮಾಡಿಸಲು ತೊಡಗಿದರು. ಆ ಕೆಲಸಕ್ಕೆ ಕುಳಿತ ಗಜಪತಿ ಉಪಾಧ್ಯಾಯರು ತಮ್ಮ ವಿದುಷಿ ಪತ್ನಿ ಲಕ್ಷ್ಮೀಬಾಯಿಯವರ ನೆರವಿನಿಂದ ಗುಟ್ಟಾಗಿ ಇನ್ನೊಂದು ಕನ್ನಡ ಪ್ರತಿ ಸಿದ್ಧಪಡಿಸಿದರು. ಅದು ಉತ್ತರದ ಸಹಾರನಪುರ ಸೇರಿ, ಅಲ್ಲಿಂದ ಬೇರೆ ಪ್ರತಿಗಳಾಗಿ ಹರಡಿತು. 1939ರಲ್ಲಿ ಡಾ. ಹೀರಾಲಾಲ್ ಜೈನರು ಅಮರಾವತಿಯಲ್ಲಿ ಧವಲಾದ ಮೊದಲ ಸಂಪುಟ ಪ್ರಕಟಿಸಿದರು; ಕಾಲಕ್ರಮದಲ್ಲಿ 16 ಸಂಪುಟಗಳಾದವು. ಸಾವಿರ ವರ್ಷದ ಹಿಂದೆ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಬರೆಯಿಸಿ ಹಂಚಿದ ನಾಡಲ್ಲವೇ ಇದು?

ಅಂಥವರ ವಂಶದ ನಮ್ಮ ಮನೆಗಳಲ್ಲಿ ಈಗ ಏನಾಗಿದೆ? ಗ್ರಂಥಗಳು ಗಾಜಿನ ಕಪಾಟಿನಲ್ಲಿವೆ. ಪಂಚಕಲ್ಯಾಣಕ್ಕೆ ಲಕ್ಷ ಲಕ್ಷ ಹರಾಜು ಕೂಗುತ್ತೇವೆ. ಶ್ರುತಪಂಚಮಿಯಂದು ಬಸದಿಯಲ್ಲಿ ಹತ್ತು ಜನ ಹಿರಿಯರು, ಇಬ್ಬರು ಮಕ್ಕಳು. ಮೂಡಬಿದಿರೆಯ ಹಳೆಯ ಯಾತ್ರಿಕರಂತೆ ದರ್ಶನ ಮಾಡಿ ಬರುತ್ತೇವೆ, ಓದುವುದಿಲ್ಲ. ಮಕ್ಕಳಿಗೆ ಗ್ರಂಥವೆಂದರೆ ಮುಟ್ಟಬಾರದ ವಸ್ತು ಎಂದಷ್ಟೇ ಗೊತ್ತು.

ನಮ್ಮ ಸಲಹೆ ಚಿಕ್ಕದು. ಬರುವ ಶ್ರುತಪಂಚಮಿಯಂದು ಅಂಗಡಿಯನ್ನು ಎರಡು ಗಂಟೆ ತಡವಾಗಿ ತೆರೆಯೋಣ. ಮನೆಯ ಗ್ರಂಥಗಳನ್ನು ಹೊರತೆಗೆದು, ಧೂಳು ಒರೆಸಿ, ಹೊಸ ಬಟ್ಟೆ ಸುತ್ತುವ ಕೆಲಸ ಮಕ್ಕಳ ಕೈಯಿಂದಲೇ ಮಾಡಿಸೋಣ. ಮೆರವಣಿಗೆಯಲ್ಲಿ ಜಿನವಾಣಿಯನ್ನು ಹೊರುವ ಭಾಗ್ಯ ಹರಾಜಿನಲ್ಲಿ ಗೆದ್ದವರಿಗಲ್ಲ, ಪಾಠಶಾಲೆಯ ಮಕ್ಕಳಿಗೆ ಇರಲಿ. ಅಂದೇ ಮನೆಯಲ್ಲಿ ರತ್ನಕರಂಡಕ ಶ್ರಾವಕಾಚಾರವನ್ನೋ ತತ್ತ್ವಾರ್ಥಸೂತ್ರವನ್ನೋ ಕನ್ನಡ ಅರ್ಥ ಸಹಿತ ಓದಲು ಆರಂಭಿಸೋಣ. ದಿನಕ್ಕೊಂದು ಶ್ಲೋಕವಾದರೂ ಸಾಕು. ಮುಂದಿನ ಶ್ರುತಪಂಚಮಿಗೆ ಮುಗಿಸಿ, ಅಂದೇ ಮತ್ತೆ ಮೊದಲಿನಿಂದ ಶುರುಮಾಡೋಣ. ಮುಗಿಸಿದ ಮಗುವಿಗೆ ಮನೆಯವರೆಲ್ಲ ಸೇರಿ ಸಿಹಿ ಕೊಡೋಣ.

ಮಾಪುಸಾದ ಬಂಧುಗಳೇ, ಮಕ್ಕಳನ್ನು ಕರೆದುಕೊಂಡು ಹೋಗಿಬನ್ನಿರಿ. ಮರಳಿ ಬರುವಾಗ ದಾರಿಯಲ್ಲಿ ಅವರಿಗೆ ಧರಸೇನಾಚಾರ್ಯರ ಕಥೆ ಹೇಳಿರಿ. ಜ್ಯೇಷ್ಠ ಮಾಸ ಬಂದಾಗ ಆ ಯೆಹೂದಿ ಕುಟುಂಬ ಗೋವೆಯಲ್ಲಿದ್ದರೆ ಅವರನ್ನೂ ನಿಮ್ಮ ಮನೆಗೆ ಕರೆಯಿರಿ. ಕೊಯ್ಯದ ಹಣ್ಣುಗಳನ್ನು ಮುಂದಿಟ್ಟು, ನಿಮ್ಮ ಮಗುವಿನ ಬಾಯಿಂದ ಒಂದು ಸೂತ್ರ ಕೇಳಿಸಿರಿ.